ಕಾಣದ ಬೆಳಕನ್ನು ಕಾಣಿಸಿದ ರಾಬರ್ಟ್ ವುಡ್

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಛಾಯಾಚಿತ್ರ. ಆದರೆ ಅದರಲ್ಲಿ ಆಕಾಶ ಅಮಾವಾಸ್ಯೆಯ ರಾತ್ರಿಯಂತೆ ಕಪ್ಪು. ಮರಗಳ ಮೇಲೂ ಹುಲ್ಲಿನ ಮೇಲೂ ಆಗಷ್ಟೇ ಹಿಮ ಸುರಿದಂಥ ಬಿಳುಪು. ಕೆರೆಯ ನೀರು ಮಸಿಯ ಹಾಗೆ ಕಡುಗಪ್ಪು. ದೂರದ ಬೆಟ್ಟಗಳು ಮಬ್ಬಿನ ಸುಳಿವೇ ಇಲ್ಲದೆ ಕೊರೆದಿಟ್ಟಷ್ಟು ಸ್ಪಷ್ಟ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಮಸೂರದ ಮುಂದೆ ಕಪ್ಪಾಗಿ ಕಾಣುವ ಒಂದು ಫಿಲ್ಟರ್ ತಿರುಗಿಸಿ ಕೂರಿಸಿದರೆ ಇಂಥ ಚಿತ್ರವನ್ನು ಹವ್ಯಾಸಿಗಳೂ ತೆಗೆಯಬಹುದು. ಇದೇ ಅವಕೆಂಪು ಅಥವಾ ಇನ್‌ಫ್ರಾರೆಡ್ ಛಾಯಾಗ್ರಹಣ.

ಎಲೆಗಳು ಹೀಗೆ ಬೆಳ್ಳಗೆ ಹೊಳೆಯುವುದಕ್ಕೆ ಛಾಯಾಗ್ರಾಹಕರು ಇಟ್ಟಿರುವ ಹೆಸರು ವುಡ್ ಪರಿಣಾಮ. ಮರಗಳಿಗೆ ಸಂಬಂಧಿಸಿದ್ದರಿಂದ ಈ ಹೆಸರು ಬಂದಿರಬೇಕೆಂದು ಭಾವಿಸುವವರೇ ಹೆಚ್ಚು. ನಿಜದಲ್ಲಿ ಅದು ಮರದ ಹೆಸರಲ್ಲ, ಮನುಷ್ಯನ ಹೆಸರು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ 1910ರಲ್ಲಿ ಇಂಥ ನಿಸರ್ಗ ಚಿತ್ರಗಳನ್ನು ಪ್ರಕಟಿಸಿ ಲೋಕವನ್ನು ಬೆರಗುಗೊಳಿಸಿದರು. ವಿಶೇಷವೆಂದರೆ, ಕಾಣದ ಬೆಳಕನ್ನು ಚಿತ್ರದಲ್ಲಿ ಹಿಡಿದು ತೋರಿಸಿದ ಇದೇ ವ್ಯಕ್ತಿ, ಅದಕ್ಕೂ ಆರು ವರ್ಷ ಮೊದಲು, ಇಲ್ಲದ ಬೆಳಕೊಂದನ್ನು ಇಲ್ಲವೆಂದು ಸಾಬೀತುಪಡಿಸಿದ್ದರು. ಕಣ್ಣಿಗೆ ಕಾಣದ್ದೆಲ್ಲ ಸುಳ್ಳಲ್ಲ, ಕಂಡೆವೆಂದು ಹೇಳಿದ್ದೆಲ್ಲ ನಿಜವೂ ಅಲ್ಲ ಎಂಬ ಮಾತಿಗೆ ಅವರ ಬದುಕಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಕೆಂಪಿನ ಆಚೆ ಏನಿದೆ?

ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಈ ಕಿರಿದಾದ ಪಟ್ಟಿಯ ಒಂದು ತುದಿಯಲ್ಲಿ ನೇರಳೆ, ಇನ್ನೊಂದು ತುದಿಯಲ್ಲಿ ಕೆಂಪು. ಅದರಾಚೆಗೂ ಬೆಳಕಿದೆ ಎಂಬುದು ತಿಳಿದದ್ದು 1800ರಲ್ಲಿ. ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಸೂರ್ಯನನ್ನು ನೋಡಲು ಬಣ್ಣಬಣ್ಣದ ಗಾಜುಗಳನ್ನು ಬಳಸುತ್ತಿದ್ದಾಗ ಒಂದೊಂದು ಗಾಜು ಒಂದೊಂದು ಬಗೆಯ ಬಿಸಿ ಕೊಡುವುದನ್ನು ಗಮನಿಸಿದರು. ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿ ಉಷ್ಣಮಾಪಕ ಇಟ್ಟು ಅಳೆದರು. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲಿಯೂ ಪಾದರಸ ಮೇಲೇರಿತು. ಮರುವರ್ಷವೇ ಯೋಹಾನ್ ರಿಟ್ಟರ್ ನೇರಳೆಯ ಆಚೆಗಿನ ಕಿರಣಗಳನ್ನು ಪತ್ತೆ ಹಚ್ಚಿದರು.

ಬಿಸಿಯಿಂದ ಗುರುತಿಸುವುದು ಒಂದು ಹಂತ, ಚಿತ್ರ ತೆಗೆಯುವುದು ಮತ್ತೊಂದು. 1880ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಆಬ್ನಿ ವಿಶೇಷ ರಾಸಾಯನಿಕ ಲೇಪನ ತಯಾರಿಸಿ ಸೂರ್ಯನ ಅವಕೆಂಪು ವರ್ಣಪಟಲವನ್ನು ಫಲಕದ ಮೇಲೆ ದಾಖಲಿಸಿದ್ದರು. ಆದರೆ ಅವು ವಿಜ್ಞಾನಿಗಳಿಗೆ ಮಾತ್ರ ಅರ್ಥವಾಗುವ ಗೆರೆಗಳು. ಒಂದು ಮರ, ಒಂದು ಮನೆ, ಒಂದು ಹೊಲ ಆ ಬೆಳಕಿನಲ್ಲಿ ಹೇಗೆ ಕಾಣುತ್ತವೆ ಎಂಬ ಮಗುವಿನಂಥ ಪ್ರಶ್ನೆಗೆ ಉತ್ತರ ಕೊಡಲು ವುಡ್ ಬರಬೇಕಾಯಿತು.

ಕಾರ್ಖಾನೆಯೇ ಆಟದ ಮೈದಾನ

ವುಡ್ ಹುಟ್ಟಿದ್ದು 1868ರ ಮೇ 2ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾನ್‌ಕರ್ಡ್ ಪಟ್ಟಣದಲ್ಲಿ. ತಂದೆ ವೈದ್ಯರು, ಹವಾಯಿ ದ್ವೀಪಗಳಲ್ಲಿ ಬಹುಕಾಲ ನೆಲೆಸಿ, ಅಲ್ಲಿನ ಕಬ್ಬಿನ ತೋಟಗಳ ಉದ್ಯಮದಲ್ಲಿಯೂ ತೊಡಗಿದ್ದವರು. ಬಾಸ್ಟನ್ ಬಳಿಯ ಮನೆಗೆ ಸಮೀಪದಲ್ಲಿಯೇ ದೊಡ್ಡ ಗಾಳಿಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ಒಡೆಯರು ಕುಟುಂಬದ ಪರಿಚಿತರು. ಹೀಗಾಗಿ ಬಾಲಕ ರಾಬರ್ಟ್‌ಗೆ ಆ ಕಾರ್ಖಾನೆಯೇ ಆಟದ ಮೈದಾನವಾಯಿತು. ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹುಚ್ಚು, ಅಪಾಯಕ್ಕೆ ಅಂಜದ ತುಂಟತನ ಎರಡೂ ಅಲ್ಲಿಯೇ ಬೇರೂರಿದವು.

1891ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಓದಿದ್ದು ರಸಾಯನಶಾಸ್ತ್ರ. ಮುಂದೆ ಜಾನ್ಸ್ ಹಾಪ್‌ಕಿನ್ಸ್, ಷಿಕಾಗೊ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ನಡೆಸಿ, 1894ರಲ್ಲಿ ಬರ್ಲಿನ್‌ಗೆ ತೆರಳಿದರು. ಅಲ್ಲಿ ಅವಕೆಂಪು ಕಿರಣಗಳ ಸಂಶೋಧನೆಯಲ್ಲಿ ಹೆಸರಾಗಿದ್ದ ಹೈನ್ರಿಕ್ ರೂಬೆನ್ಸ್ ಅವರ ಒಡನಾಟ ದೊರೆಯಿತು. ರಸಾಯನಶಾಸ್ತ್ರದ ವಿದ್ಯಾರ್ಥಿ ಬೆಳಕಿನ ಕಡೆಗೆ ವಾಲಿದ್ದು ಆಗಲೇ.

ಬರ್ಲಿನ್ ದಿನಗಳ ಮತ್ತೊಂದು ನೆನಪು ಕ್ಯಾಮೆರಾಗೆ ಸಂಬಂಧಿಸಿದ್ದು. ರೆಕ್ಕೆ ಕಟ್ಟಿಕೊಂಡು ಗುಡ್ಡದ ಮೇಲಿನಿಂದ ತೇಲುತ್ತಿದ್ದ ಜರ್ಮನಿಯ ಸಾಹಸಿ ಒಟ್ಟೊ ಲಿಲಿಯೆಂಥಾಲ್ ಅವರ ಹಾರಾಟವನ್ನು 1896ರ ಆಗಸ್ಟ್‌ನಲ್ಲಿ ವುಡ್ ಚಿತ್ರೀಕರಿಸಿದರು. ಕೆಲವೇ ದಿನಗಳಲ್ಲಿ ಲಿಲಿಯೆಂಥಾಲ್ ಹಾರುವಾಗ ಬಿದ್ದು ಅಸುನೀಗಿದರು. ವಿಮಾನಯಾನದ ಪೂರ್ವಸೂರಿಯ ಕೊನೆಯ ದಿನಗಳಿಗೆ ವುಡ್ ಅವರ ಕ್ಯಾಮೆರಾ ಸಾಕ್ಷಿಯಾಗಿ ಉಳಿಯಿತು.

1897ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅಲ್ಲಿನ ಕಡುಚಳಿಯಲ್ಲಿ ನೆಲದಡಿಯ ನೀರಿನ ಕೊಳವೆಗಳು ಹೆಪ್ಪುಗಟ್ಟಿದಾಗ, ರಸ್ತೆ ಅಗೆಯುವ ಬದಲು ಕೊಳವೆಗೇ ವಿದ್ಯುತ್ ಹರಿಸಿ ಮಂಜುಗಡ್ಡೆ ಕರಗಿಸುವ ಉಪಾಯ ಸೂಚಿಸಿದ್ದು ಅವರೇ. 1901ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹೆಸರಾಂತ ಭೌತವಿಜ್ಞಾನಿ ಹೆನ್ರಿ ರೋಲೆಂಡ್ ನಿಧನರಾದರು. ಅವರ ಸ್ಥಾನದಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಬಾಲ್ಟಿಮೋರ್‌ಗೆ ಬಂದ ವುಡ್, 1938ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ಇದ್ದರು.

ಕತ್ತಲೆ ಕೋಣೆಯಲ್ಲಿ ಜೇಬಿಗಿಳಿದ ಪಟ್ಟಕ

ವುಡ್ ಅವರ ಹೆಸರು ವಿಜ್ಞಾನ ವಲಯದ ಆಚೆಗೂ ಹಬ್ಬಿದ್ದು 1904ರಲ್ಲಿ. 1895ರಲ್ಲಿ ಎಕ್ಸ್ ಕಿರಣಗಳು ಪತ್ತೆಯಾದ ಬಳಿಕ ಯುರೋಪಿನ ಪ್ರಯೋಗಾಲಯಗಳಲ್ಲಿ ಹೊಸ ಕಿರಣಗಳ ಹುಡುಕಾಟವೇ ನಡೆದಿತ್ತು. ಫ್ರಾನ್ಸಿನ ನಾನ್ಸಿ ನಗರದ ಗೌರವಾನ್ವಿತ ವಿಜ್ಞಾನಿ ರೆನೆ ಬ್ಲಾಂಡ್ಲೋ 1903ರಲ್ಲಿ ಅಂಥದ್ದೊಂದು ಕಿರಣವನ್ನು ಕಂಡೆನೆಂದು ಪ್ರಕಟಿಸಿದರು. ತಮ್ಮ ಊರಿನ ಹೆಸರಿನ ಮೊದಲ ಅಕ್ಷರವನ್ನು ತೆಗೆದುಕೊಂಡು ಎನ್ ಕಿರಣ ಎಂದು ಕರೆದರು. ಈ ಕಿರಣ ಬಿದ್ದಾಗ ಮಂಕಾದ ಕಿಡಿಯೋ ಹೊಳೆಯುವ ತೆರೆಯೋ ತುಸು ಹೆಚ್ಚು ಬೆಳಗುತ್ತದೆ ಎಂಬುದಷ್ಟೇ ಅದಕ್ಕಿದ್ದ ಪುರಾವೆ. ಆ ಹೆಚ್ಚಳವನ್ನು ತೀರ್ಮಾನಿಸುತ್ತಿದ್ದುದು ಕತ್ತಲಲ್ಲಿ ಕುಳಿತವರ ಕಣ್ಣು.

ಫ್ರಾನ್ಸಿನ ಹಲವರು ತಾವೂ ಕಂಡೆವೆಂದರು. ಮನುಷ್ಯನ ನರಗಳಿಂದಲೂ ಎನ್ ಕಿರಣ ಹೊಮ್ಮುತ್ತದೆಂಬ ವರದಿಗಳು ಬಂದವು. ಆದರೆ ಇಂಗ್ಲೆಂಡ್, ಜರ್ಮನಿಗಳ ಪ್ರಯೋಗಾಲಯಗಳಲ್ಲಿ ಅದರ ಸುಳಿವೇ ಸಿಗಲಿಲ್ಲ. ಬರ್ಲಿನ್‌ನ ಗೆಳೆಯ ರೂಬೆನ್ಸ್ ಅವರ ಒತ್ತಾಸೆಯಿಂದ ವುಡ್ ಸ್ವತಃ ನಾನ್ಸಿಗೆ ಹೋದರು.

ಅಲ್ಲಿ ಬ್ಲಾಂಡ್ಲೋ ಅಲ್ಯೂಮಿನಿಯಂ ಪಟ್ಟಕದಿಂದ ಎನ್ ಕಿರಣಗಳನ್ನು ಬಿಡಿಸಿ, ಒಂದೊಂದರ ಸ್ಥಾನವನ್ನೂ ಅಳೆದು ತೋರಿಸುತ್ತಿದ್ದರು. ಕೋಣೆ ಕತ್ತಲಾಗಿದ್ದಾಗ ವುಡ್ ಸದ್ದಿಲ್ಲದೆ ಆ ಪಟ್ಟಕವನ್ನು ಎತ್ತಿಟ್ಟುಕೊಂಡರು. ಪಟ್ಟಕವಿಲ್ಲದಿದ್ದರೂ ಅಳತೆಗಳು ಮೊದಲಿನಂತೆಯೇ ಬರುತ್ತಿದ್ದವು. ಕಿರಣ ಸೂಸುವುದೆಂದು ನಂಬಲಾಗಿದ್ದ ಉಕ್ಕಿನ ಅರದ ಬದಲಿಗೆ ಅದೇ ಆಕಾರದ ಮರದ ತುಂಡನ್ನು ಇಟ್ಟಾಗಲೂ ನೋಡುವವರ ಕಣ್ಣಿಗೆ ಪರಿಣಾಮ ಕಾಣಿಸಿತು. ವುಡ್ ಬರೆದ ವರದಿ 1904ರ ಸೆಪ್ಟೆಂಬರ್ 29ರ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಗೆ ಎನ್ ಕಿರಣಗಳ ಕಥೆ ಬಹುಮಟ್ಟಿಗೆ ಮುಗಿಯಿತು.

ಬ್ಲಾಂಡ್ಲೋ ವಂಚಕರಾಗಿರಲಿಲ್ಲ. ವಿದ್ಯುತ್ಕಾಂತೀಯ ಅಲೆಗಳ ವೇಗದ ಬಗ್ಗೆ ಒಳ್ಳೆಯ ಕೆಲಸ ಮಾಡಿದ್ದವರು. ತಾವು ಕಂಡದ್ದನ್ನು ಪ್ರಾಮಾಣಿಕವಾಗಿ ನಂಬಿದ್ದರು. ದುರಂತವಿದ್ದದ್ದು ಅಲ್ಲಿಯೇ. ಕಾಣಬೇಕೆಂಬ ಆಸೆಗೂ ಕಾಣುವ ಕಣ್ಣಿಗೂ ನಡುವೆ ಯಾವ ಉಪಕರಣವೂ ಇರಲಿಲ್ಲ. ಅವರು 1909ರಲ್ಲಿ ನಿವೃತ್ತರಾಗಿ 1930ರವರೆಗೆ ಬದುಕಿದ್ದರು. ಜೀವಮಾನದ ಗಟ್ಟಿ ಕೆಲಸಗಳೆಲ್ಲ ಮರೆಗೆ ಸರಿದು, ಆಗದಿದ್ದ ಆವಿಷ್ಕಾರವೊಂದೇ ಅವರ ಹೆಸರಿಗೆ ಅಂಟಿಕೊಂಡಿತು. ಅತಿಥಿಯಾಗಿ ಹೋದವರು ಆತಿಥೇಯರ ಕಣ್ಣು ತಪ್ಪಿಸಿ ಪಟ್ಟಕ ತೆಗೆದದ್ದು ಸರಿಯೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಆ ಒಂದು ಕ್ಷಣ ನಡೆಯದೆ ಹೋಗಿದ್ದರೆ ಇನ್ನೆಷ್ಟು ಜನರ ಎಷ್ಟು ವರ್ಷಗಳ ದುಡಿಮೆ ಗಾಳಿಗೆ ಹೋಗುತ್ತಿತ್ತೆಂಬುದನ್ನೂ ಮರೆಯುವಂತಿಲ್ಲ.

1910ರ ಹಿಮವಿಲ್ಲದ ಹಿಮಚಿತ್ರಗಳು

ಇಲ್ಲದ ಕಿರಣವನ್ನು ಅಲ್ಲಗಳೆದ ವುಡ್, ಇರುವ ಕಿರಣವನ್ನು ತೋರಿಸುವ ಕೆಲಸಕ್ಕೆ ಆಯ್ದುಕೊಂಡದ್ದು ಕ್ಯಾಮೆರಾವನ್ನು. ಅದಕ್ಕೆ ಆಸೆಯಿಲ್ಲ, ಅಭಿಮಾನವಿಲ್ಲ. ಬೆಳಕು ಬಿದ್ದರೆ ಫಲಕ ಕಪ್ಪಾಗುತ್ತದೆ, ಬೀಳದಿದ್ದರೆ ಇಲ್ಲ.

ಅವರ ಯುಕ್ತಿ ಸರಳವಾಗಿತ್ತು. ಕೋಬಾಲ್ಟ್ ಬೆರೆತ ನೀಲಿ ಗಾಜು ನೀಲಿ ಬೆಳಕನ್ನೂ ಕಡುಗೆಂಪಿನ ಆಚೆಯ ಬೆಳಕನ್ನೂ ಹಾಯಗೊಡುತ್ತದೆ, ನಡುವಿನ ಬಣ್ಣಗಳನ್ನು ತಡೆಯುತ್ತದೆ. ಪೊಟ್ಯಾಸಿಯಂ ಬೈಕ್ರೊಮೇಟಿನ ಕಿತ್ತಳೆ ಬಣ್ಣದ ದ್ರಾವಣ ನೀಲಿಯನ್ನು ನುಂಗಿಬಿಡುತ್ತದೆ. ಎರಡನ್ನೂ ಒಂದರ ಹಿಂದೊಂದು ಇಟ್ಟರೆ ಉಳಿಯುವುದು ಕಣ್ಣಿನ ಮಿತಿಯ ಅಂಚಿನಲ್ಲಿರುವ ಕಡುಗೆಂಪು ಮತ್ತು ಅದರಾಚೆಯ ಅವಕೆಂಪು ಮಾತ್ರ. ಅಂದಿನ ಫಲಕಗಳು ಆ ಬೆಳಕಿಗೆ ಅತ್ಯಲ್ಪವಾಗಿ ಸ್ಪಂದಿಸುತ್ತಿದ್ದುದರಿಂದ ಉರಿಬಿಸಿಲಿನಲ್ಲಿಯೂ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕಿತ್ತು. ಆ ತಾಳ್ಮೆಗೆ ದಕ್ಕಿದ್ದೇ ಕಪ್ಪು ಆಕಾಶದ ಕೆಳಗೆ ಬೆಳ್ಳಿಯಂತೆ ಹೊಳೆಯುವ ಮರಗಳು. 1910ರಲ್ಲಿ ಈ ಚಿತ್ರಗಳು ಅಮೆರಿಕದ ಸೆಂಚುರಿ ಮ್ಯಾಗಜೀನ್‌ನಲ್ಲಿಯೂ ಬ್ರಿಟನ್ನಿನ ರಾಯಲ್ ಫೊಟೊಗ್ರಾಫಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ ಪ್ರಕಟವಾದವು.

ಎಲೆ ಬೆಳ್ಳಗಾಗುವುದೇಕೆ? ಎಲೆಯಲ್ಲಿರುವ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಮತ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಉಳಿಯುವ ಹಸಿರು ನಮ್ಮ ಕಣ್ಣಿಗೆ ಬೀಳುತ್ತದೆ. ಆದರೆ 700 ನ್ಯಾನೊಮೀಟರ್ ದಾಟುತ್ತಿದ್ದಂತೆ ಅದು ಪಾರದರ್ಶಕವಾಗಿಬಿಡುತ್ತದೆ. ಆಗ ಬೆಳಕು ಎಲೆಯೊಳಗಿನ ಜೀವಕೋಶಗಳು ಮತ್ತು ಅವುಗಳ ನಡುವಿನ ಗಾಳಿಯ ಸಂದುಗಳಲ್ಲಿ ಬಡಿದಾಡಿ, ಸರಿಸುಮಾರು ಅರ್ಧದಷ್ಟು ಹಿಂದಿರುಗಿ ಹೊರಬರುತ್ತದೆ. ಸಕ್ಕರೆ ಹರಳು ಪಾರದರ್ಶಕವಾದರೂ ಸಕ್ಕರೆಯ ರಾಶಿ ಬೆಳ್ಳಗೆ ಕಾಣುವ ಹಾಗೆ. ಆಕಾಶ ಕಪ್ಪಾಗುವುದಕ್ಕೆ ಕಾರಣ ಬೇರೆ. ಗಾಳಿಯ ಅಣುಗಳು ನೀಲಿಯನ್ನು ಚದುರಿಸಿದಷ್ಟು ಅವಕೆಂಪನ್ನು ಚದುರಿಸಲಾರವು. ದೂರದ ಬೆಟ್ಟದ ಮಬ್ಬು ಹರಿಯುವುದೂ ಇದರಿಂದಲೇ.

ನೇರಳೆಯ ಆಚೆಯ ತುದಿಯನ್ನೂ ವುಡ್ ಬಿಡಲಿಲ್ಲ. ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆಂದು ಸ್ಫಟಿಕದ ಮಸೂರ ಬಳಸಿ, ಅದರ ಮೇಲೆ ಬೆಳ್ಳಿಯ ತೆಳುಪೊರೆ ಲೇಪಿಸಿದರು. ಆ ಚಿತ್ರಗಳಲ್ಲಿ ಬಿಳಿಯ ಹೂಗಳು ಕಪ್ಪಾದವು. ಬಿಸಿಲಿನಲ್ಲಿ ನಿಂತ ಮನುಷ್ಯನಿಗೆ ನೆರಳೇ ಇಲ್ಲವೆನ್ನುವಂತಾಯಿತು. ಆಕಾಶವೆಲ್ಲ ಅತಿನೇರಳೆಯಲ್ಲಿ ಬೆಳಗುವಾಗ ನೆರಳಿಗೆ ಎಡೆಯೆಲ್ಲಿ? ಅದೇ ವಿಧಾನದಿಂದ ಚಂದ್ರನ ಚಿತ್ರ ತೆಗೆದಾಗ, ಅರಿಸ್ಟಾರ್ಕಸ್ ಕುಳಿಯ ಬಳಿ ಬರಿಗಣ್ಣಿಗೆ ತೋರದ ಕಪ್ಪು ಕಲೆಯೊಂದು ಕಾಣಿಸಿತು. ಅದಕ್ಕೆ ಇಂದಿಗೂ ವುಡ್ ಕಲೆ ಎಂದೇ ಹೆಸರು.

ಯುದ್ಧಭೂಮಿಯಿಂದ ಆಸ್ಪತ್ರೆಗೆ

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವುಡ್ ಅವರಿಗೆ ಮೇಜರ್ ಹುದ್ದೆ ನೀಡಿತು. ಶತ್ರುವಿನ ಕಣ್ಣಿಗೆ ಬೀಳದ ಬೆಳಕಿನಿಂದ ಸಂಕೇತ ಕಳುಹಿಸುವ ದೀಪಗಳನ್ನು ಅವರು ರೂಪಿಸಿದರು. ಇದಕ್ಕಾಗಿ ಬಳಸಿದ್ದು ಕಾಣುವ ಬೆಳಕನ್ನು ತಡೆದು ಅತಿನೇರಳೆಯನ್ನಷ್ಟೇ ಹೊರಬಿಡುವ, ನಿಕಲ್ ಆಕ್ಸೈಡ್ ಬೆರೆತ ಕಡುಗಪ್ಪು ಗಾಜು.

ಯುದ್ಧ ಮುಗಿದ ಮೇಲೆ ಆ ಗಾಜಿಗೆ ಉತ್ತಮ ಬಾಳು ಸಿಕ್ಕಿತು. ಶಿಲೀಂಧ್ರ ಸೋಂಕು ತಗುಲಿದ ಕೂದಲು ಈ ದೀಪದ ಕೆಳಗೆ ಹೊಳೆಯುವುದನ್ನು 1925ರಲ್ಲಿ ಫ್ರಾನ್ಸಿನ ವೈದ್ಯರು ಗುರುತಿಸಿದರು. ತೊನ್ನು ಮತ್ತು ಕೆಲವು ಚರ್ಮದ ಸೋಂಕುಗಳ ಪರೀಕ್ಷೆಗೆ ಚರ್ಮರೋಗ ತಜ್ಞರು ಇಂದಿಗೂ ವುಡ್ ದೀಪವನ್ನು ಬಳಸುತ್ತಾರೆ. ಅದರ ಕೆಳಗೆ ಕೈಯೊಡ್ಡಿದ ರೋಗಿಗಳಲ್ಲಿ ಎಷ್ಟೋ ಜನರಿಗೆ ಆ ಹೆಸರಿನ ಹಿಂದಿರುವ ವ್ಯಕ್ತಿಯ ಪರಿಚಯವೇ ಇರಲಾರದು.

ದನದ ಕೊಟ್ಟಿಗೆ ಮತ್ತು ಬೆಕ್ಕು

ವುಡ್ ಅವರ ಮಹತ್ವದ ಪ್ರಯೋಗಗಳಲ್ಲಿ ಹಲವು ನಡೆದದ್ದು ವಿಶ್ವವಿದ್ಯಾಲಯದಲ್ಲಲ್ಲ. ನ್ಯೂಯಾರ್ಕ್ ರಾಜ್ಯದ ಈಸ್ಟ್ ಹ್ಯಾಂಪ್ಟನ್‌ನಲ್ಲಿದ್ದ ಬೇಸಿಗೆ ಮನೆಯ ಹಳೆಯ ಕೊಟ್ಟಿಗೆಯಲ್ಲಿ. ಅಲ್ಲಿ 40 ಅಡಿಗೂ ಉದ್ದದ ಕೊಳವೆಯುಳ್ಳ ರೋಹಿತದರ್ಶಕವೊಂದನ್ನು ಕಟ್ಟಿದ್ದರು. ಚಳಿಗಾಲವೆಲ್ಲ ಬಳಕೆಯಿಲ್ಲದೆ ಬಿದ್ದಿರುತ್ತಿದ್ದ ಕೊಳವೆಯಲ್ಲಿ ಜೇಡರ ಬಲೆ ತುಂಬುತ್ತಿತ್ತು. ಅದನ್ನು ಸ್ವಚ್ಛಗೊಳಿಸಲು ಮನೆಯ ಬೆಕ್ಕನ್ನು ಒಂದು ತುದಿಯಿಂದ ಒಳಗೆ ಬಿಡುತ್ತಿದ್ದರು. ಇನ್ನೊಂದು ತುದಿಯ ಬೆಳಕಿನತ್ತ ಓಡಿದ ಬೆಕ್ಕು ಬಲೆಯನ್ನೆಲ್ಲ ಮೈಗೆ ಸುತ್ತಿಕೊಂಡು ಹೊರಬರುತ್ತಿತ್ತು. ಇದೇ ಊರಿನಲ್ಲಿ, 1908ರ ಸುಮಾರಿಗೆ, ಪಾದರಸ ತುಂಬಿದ 20 ಇಂಚಿನ ತಟ್ಟೆಯನ್ನು ಬಾವಿಯಂಥ ಗುಂಡಿಯಲ್ಲಿ ತಿರುಗಿಸಿ ದೂರದರ್ಶಕದ ಕನ್ನಡಿಯನ್ನಾಗಿಸಿದ್ದರು.

ತುಂಟತನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹಕ್ಕಿಗಳಿಗೂ ಹೂಗಳಿಗೂ ವ್ಯತ್ಯಾಸ ತಿಳಿಯುವುದು ಹೇಗೆಂದು ಕಲಿಸುವ ನಗೆಪದ್ಯಗಳ ಪುಸ್ತಕವನ್ನು 1907ರಲ್ಲಿ ತಾವೇ ಚಿತ್ರ ಬರೆದು ಹೊರತಂದರು. ಊಟದ ಮನೆಯಲ್ಲಿ ನಿನ್ನೆಯ ಮಾಂಸವನ್ನೇ ಇಂದು ಬಡಿಸುತ್ತಾರೆಂಬ ಗುಮಾನಿ ಬಂದಾಗ, ತಟ್ಟೆಯಲ್ಲಿ ಬಿಟ್ಟ ತುಂಡಿಗೆ ಲಿಥಿಯಂ ಲವಣ ಸವರಿ, ಮರುದಿನದ ಅಡುಗೆಯಲ್ಲಿ ಅದರ ಕೆಂಪು ಗೆರೆಯನ್ನು ರೋಹಿತದರ್ಶಕದಿಂದ ಪತ್ತೆ ಹಚ್ಚಿದರೆಂಬ ಕಥೆ ಅವರ ಶಿಷ್ಯವಲಯದಲ್ಲಿ ಬಹಳ ಪ್ರಚಲಿತವಾಗಿತ್ತು. ಬಾಂಬ್ ಸ್ಫೋಟಗಳ ತನಿಖೆಯಲ್ಲಿ ಪೊಲೀಸರೂ ಅವರ ನೆರವು ಕೋರುತ್ತಿದ್ದರು. 1920ರಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟ್‌ನಲ್ಲಿ ನಡೆದ ಸ್ಫೋಟ ಅವುಗಳಲ್ಲೊಂದು.

ಬೆಂಗಳೂರಿನ ಸುದ್ದಿ, ಬಾಲ್ಟಿಮೋರಿನ ತಂತಿ

ವುಡ್ ಅವರ ಬದುಕಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಸರ್ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕೋಲ್ಕತ್ತದಲ್ಲಿ ನಡೆಸಿದ ಸಂಶೋಧನೆಯ ಆರಂಭವೂ ಫಿಲ್ಟರ್‌ಗಳಿಂದಲೇ ಆದದ್ದು. ಬಿಸಿಲನ್ನು ನೀಲಿ ನೇರಳೆ ಫಿಲ್ಟರ್ ಮೂಲಕ ದ್ರವಕ್ಕೆ ಹಾಯಿಸಿ, ಹೊರಬಂದ ಬೆಳಕನ್ನು ಅದಕ್ಕೆ ಪೂರ್ತಿ ವಿರುದ್ಧವಾದ ಇನ್ನೊಂದು ಫಿಲ್ಟರ್ ಮೂಲಕ ನೋಡಿದರು. ಏನೂ ಕಾಣಬಾರದಿತ್ತು. ಆದರೂ ಬೆಳಕು ಕಂಡಿತು. ದ್ರವದೊಳಗೆ ಬೆಳಕಿನ ಬಣ್ಣವೇ ಬದಲಾಗಿದೆ ಎಂಬುದಕ್ಕೆ ಅದು ಸಾಕ್ಷಿ. 1928ರ ಫೆಬ್ರುವರಿ 28ರಂದು ರೋಹಿತದರ್ಶಕದಲ್ಲಿ ಅದು ಖಚಿತವಾಯಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ನಡೆದ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ರಾಮನ್ ಅದನ್ನು ವಿವರವಾಗಿ ಮಂಡಿಸಿದರು.

ಬೆಳಕಿನ ವಿಷಯದಲ್ಲಿ ಹೊಸ ವಾದವೊಂದು ಬಂದರೆ ಅದನ್ನು ಒರೆಗೆ ಹಚ್ಚುವವರು ಯಾರು? ನಾನ್ಸಿಯ ಪ್ರಕರಣದ ನಂತರ ಲೋಕ ಕಿವಿಗೊಡುತ್ತಿದ್ದುದು ವುಡ್ ಅವರಂಥ ಅನುಭವಿಗಳ ಮಾತಿಗೆ. ಅವರು ತಮ್ಮ ಪ್ರಯೋಗಾಲಯದಲ್ಲಿ ರಾಮನ್ ಪರಿಣಾಮವನ್ನು ಸ್ವತಂತ್ರವಾಗಿ ಪರೀಕ್ಷಿಸಿ, ಅದು ಎಲ್ಲ ವಿವರಗಳಲ್ಲಿಯೂ ನಿಜವೆಂದು ದೃಢಪಡಿಸಿ, ಅದೇ ವರ್ಷ ನೇಚರ್ ಪತ್ರಿಕೆಗೆ ತಂತಿ ಕಳುಹಿಸಿದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಯಾವ ಪತ್ರಿಕೆಯಲ್ಲಿ ಒಂದು ಕಿರಣವನ್ನು ಸುಳ್ಳೆಂದಿದ್ದರೋ, ಅದೇ ಪತ್ರಿಕೆಯಲ್ಲಿ ಇನ್ನೊಂದನ್ನು ನಿಜವೆಂದು ಸಾರಿದರು. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು.

ವುಡ್ ಅವರ ಹೆಸರೂ ನೊಬೆಲ್‌ಗೆ ಹಲವು ಬಾರಿ ಸೂಚಿತವಾಗಿತ್ತು, ಆದರೆ ಕೈಗೂಡಲಿಲ್ಲ. ಶಬ್ದಾತೀತ ಅಲೆಗಳ ಬಗ್ಗೆ 1927ರಲ್ಲಿ ಆಲ್ಫ್ರೆಡ್ ಲೂಮಿಸ್ ಜತೆ ನಡೆಸಿದ ಪ್ರಯೋಗಗಳು, ಆವಿಗಳು ಬೆಳಕನ್ನು ಹೀರಿ ಮರಳಿ ಸೂಸುವ ಬಗೆಯ ಅಧ್ಯಯನಗಳು, 1905ರಲ್ಲಿ ಮೊದಲು ಪ್ರಕಟವಾಗಿ ತಲೆಮಾರುಗಳಿಗೆ ಪಠ್ಯವಾದ ದ್ಯುತಿವಿಜ್ಞಾನದ ಗ್ರಂಥ, ಇವೆಲ್ಲ ಅವರ ಸಾಧನೆಯ ಪಟ್ಟಿಯಲ್ಲಿವೆ. 1938ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಮ್‌ಫರ್ಡ್ ಪದಕ ನೀಡಿ ಗೌರವಿಸಿತು. 1955ರ ಆಗಸ್ಟ್ 11ರಂದು, 87ರ ವಯಸ್ಸಿನಲ್ಲಿ, ವುಡ್ ನಿಧನರಾದರು. ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರಿಡಲಾಗಿದೆ.

ಜೇಬಿನ ಕ್ಯಾಮೆರಾದಲ್ಲಿ ವುಡ್

ವುಡ್ ತೋರಿದ ದಾರಿಯಲ್ಲಿ 1930ರ ದಶಕದಿಂದ ಕೊಡಕ್ ಮುಂತಾದ ಕಂಪೆನಿಗಳು ಅವಕೆಂಪು ಫಿಲಂಗಳನ್ನು ಮಾರುಕಟ್ಟೆಗೆ ತಂದವು. ಎರಡನೇ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದು ಮರೆಮಾಚಿದ ಶಸ್ತ್ರಾಸ್ತ್ರಗಳನ್ನು ವಿಮಾನದಿಂದ ಪತ್ತೆ ಮಾಡಲು ಅವು ನೆರವಾದವು. ಜೀವಂತ ಎಲೆ ಅವಕೆಂಪಿನಲ್ಲಿ ಬೆಳಗುತ್ತದೆ, ಸಾಮಾನ್ಯ ಹಸಿರು ಬಣ್ಣ ಬೆಳಗುವುದಿಲ್ಲ. ಕತ್ತಲಲ್ಲಿ ತುಂಬಿ ಶೀತಲಪೆಟ್ಟಿಗೆಯಲ್ಲಿ ಕಾಪಾಡಬೇಕಿದ್ದ ಕೊಡಕ್ ಕಂಪೆನಿಯ ಜನಪ್ರಿಯ ಅವಕೆಂಪು ಫಿಲಂ 2007ರಲ್ಲಿ ತಯಾರಿಕೆ ನಿಲ್ಲಿಸಿತು.

ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಮನೆಮಾತಾಗಿತ್ತು. ಅದರ ಸಿಲಿಕಾನ್ ಸೆನ್ಸರ್ ಸುಮಾರು 1,100 ನ್ಯಾನೊಮೀಟರ್‌ವರೆಗಿನ ಬೆಳಕನ್ನು ಗ್ರಹಿಸಬಲ್ಲದು. ಹಾಗೆಯೇ ಬಿಟ್ಟರೆ ಬಣ್ಣಗಳು ಕೆಡುತ್ತವೆಂದು ತಯಾರಕರು ಸೆನ್ಸರ್ ಮುಂದೆ ಅವಕೆಂಪನ್ನು ತಡೆಯುವ ಗಾಜೊಂದನ್ನು ಕೂರಿಸುತ್ತಾರೆ. ಆದರೆ ಆ ತಡೆ ಸಂಪೂರ್ಣವಲ್ಲ. ಟಿವಿಯ ರಿಮೋಟನ್ನು ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿದಾಗ ತೆರೆಯಲ್ಲಿ ಅದರ ತುದಿ ಮಿನುಗಿದರೆ, ಆ ಕ್ಯಾಮೆರಾ ಕಾಣದ ಬೆಳಕನ್ನು ಕಾಣುತ್ತಿದೆ ಎಂದರ್ಥ. 2004ರಲ್ಲಿ ಬಂದ ನಿಕಾನ್ ಡಿ70ಯಂಥ ಆರಂಭದ ಮಾದರಿಗಳಲ್ಲಿ ಈ ತಡೆ ದುರ್ಬಲವಾಗಿದ್ದುದರಿಂದ ಅವಕೆಂಪು ಹವ್ಯಾಸಿಗಳಿಗೆ ಅವು ಅಚ್ಚುಮೆಚ್ಚು.

ಹೋಯಾ ಆರ್72ರಂಥ ಫಿಲ್ಟರ್ ಸುಮಾರು 720 ನ್ಯಾನೊಮೀಟರ್‌ಗಿಂತ ಕೆಳಗಿನ ಬೆಳಕನ್ನೆಲ್ಲ ಬಹುಮಟ್ಟಿಗೆ ತಡೆಯುತ್ತದೆ. ಒಳಗಿನ ಗಾಜು ಅವಕೆಂಪನ್ನು, ಹೊರಗಿನ ಫಿಲ್ಟರ್ ಉಳಿದದ್ದನ್ನು ತಡೆಯುವುದರಿಂದ ಸೆನ್ಸರ್‌ಗೆ ದೊರಕುವುದು ತೊಟ್ಟು ಬೆಳಕು. ಆದ್ದರಿಂದಲೇ ಮಧ್ಯಾಹ್ನದ ಬಿಸಿಲಿನಲ್ಲಿಯೂ ಹಲವು ಸೆಕೆಂಡುಗಳ ಎಕ್ಸ್‌ಪೋಷರ್ ಬೇಕು, ಟ್ರೈಪಾಡ್ ಇಲ್ಲದೆ ಆಗದು. ಕಪ್ಪು ಫಿಲ್ಟರ್ ಮೂಲಕ ವ್ಯೂಫೈಂಡರ್‌ನಲ್ಲಿ ಏನೂ ಕಾಣದ ಕಾರಣ, ಮೊದಲೇ ಚೌಕಟ್ಟು ಹಾಕಿ, ಫೋಕಸ್ ಮಾಡಿ, ಅನಂತರ ಫಿಲ್ಟರ್ ತೊಡಿಸುವುದು ರೂಢಿ. ಅವಕೆಂಪು ಕಿರಣಗಳು ತುಸು ಹಿಂದಕ್ಕೆ ನಾಭಿಗೊಳ್ಳುವುದರಿಂದ ಮಸೂರದ ರಂಧ್ರವನ್ನು ಕಿರಿದುಗೊಳಿಸಿದರೆ ಅನುಕೂಲ. ಬಿಸಿಲಿನಲ್ಲಿರುವ ಹುಲ್ಲನ್ನು ಬಿಳಿಯೆಂದು ಕ್ಯಾಮೆರಾಗೆ ತಿಳಿಸಿ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಇಡೀ ಚಿತ್ರ ಕೆಂಪಾಗುವುದು ತಪ್ಪುತ್ತದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಈ ಫಿಲ್ಟರ್ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು. ಕಣ್ಣಿಗೆ ಕತ್ತಲೆಯೆನಿಸಿ ಪಾಪೆ ಹಿಗ್ಗಿರುತ್ತದೆ, ಕಾಣದ ಕಿರಣಗಳು ನೇರ ಒಳನುಗ್ಗುತ್ತವೆ.

ಈ ಚಿತ್ರಗಳ ಬಣ್ಣ ನಿಜವೇ ಎಂಬ ಪ್ರಶ್ನೆ ಸಹಜ. ಅವಕೆಂಪಿಗೆ ನಮ್ಮ ಕಣ್ಣಿನ ಮಟ್ಟಿಗೆ ಬಣ್ಣವೇ ಇಲ್ಲ. ಕಂಪ್ಯೂಟರಿನಲ್ಲಿ ಕೆಂಪು ಮತ್ತು ನೀಲಿಯನ್ನು ಅದಲುಬದಲು ಮಾಡಿ ಆಕಾಶವನ್ನು ನೀಲಿಯಾಗಿಸುವುದು ಛಾಯಾಗ್ರಾಹಕನ ಆಯ್ಕೆ. ಬಣ್ಣ ಆರೋಪಿತ, ಆದರೆ ಎಲೆಯಿಂದ ಮರಳಿದ ಬೆಳಕಿನ ಪ್ರಮಾಣ ಆರೋಪಿತವಲ್ಲ. ಅದನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಅಳೆಯಬಹುದು. ಎನ್ ಕಿರಣಕ್ಕೂ ಅವಕೆಂಪಿಗೂ ಇರುವ ವ್ಯತ್ಯಾಸ ಇಷ್ಟೇ.

ಈ ಅಳತೆಯ ಬೆಲೆ ರೈತನಿಗೂ ಗೊತ್ತಾಗಿದೆ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡು 1988ರ ಮಾರ್ಚ್ 17ರಂದು ಉಡಾವಣೆಯಾದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಲ್ಲಿ ಸಮೀಪ ಅವಕೆಂಪಿನ ಪಟ್ಟಿಯೂ ಒಂದು. ಬೆಳೆ ಸೊಂಪಾಗಿದ್ದರೆ ಎಲೆಗಳು ಅವಕೆಂಪನ್ನು ಹೆಚ್ಚು ಮರಳಿಸುತ್ತವೆ, ಕೆಂಪನ್ನು ಕಡಿಮೆ. ಬರವೋ ರೋಗವೋ ತಟ್ಟಿದಾಗ ಈ ಅಂತರ ಕುಗ್ಗುತ್ತದೆ. ಈ ಎರಡರ ಲೆಕ್ಕದಿಂದ ಹೊಲದ ಸ್ಥಿತಿಯನ್ನು ನೂರಾರು ಕಿಲೋಮೀಟರ್ ಎತ್ತರದಿಂದ ಅಂದಾಜು ಮಾಡುವ ವಿಧಾನಕ್ಕೆ ಬುನಾದಿ, ವುಡ್ 1910ರಲ್ಲಿ ತೋರಿಸಿದ ಅದೇ ಬಿಳಿಯ ಮರಗಳು.

ಒಂದು ನೀಲಿ ಗಾಜು, ಒಂದಷ್ಟು ಕಿತ್ತಳೆ ದ್ರಾವಣ, ಕೆಲವು ನಿಮಿಷಗಳ ತಾಳ್ಮೆ. ವುಡ್ ಬಳಸಿದ ಸಾಮಗ್ರಿ ಅಷ್ಟೇ. ಕಾಣದ್ದನ್ನು ಕಂಡೆನೆಂದು ಹೇಳುವ ಮೊದಲು ಪಟ್ಟಕವನ್ನು ತೆಗೆದು ಮತ್ತೊಮ್ಮೆ ನೋಡುವ ಶಿಸ್ತು ಮಾತ್ರ ಅವರು ಬಿಟ್ಟುಹೋದ ದೊಡ್ಡ ಆಸ್ತಿ. ಅದು ಪ್ರಯೋಗಾಲಯಕ್ಕೆ ಮಾತ್ರ ಬೇಕಾದದ್ದಲ್ಲ.